ಹಲ್ಲು ಮುರಿದ ಕ್ಯಾಸೆಟ್

ಅವರು ಆ ಮಾತು ಹೇಳಿದ್ದರೋ ಇಲ್ಲವೋ ನನಗೆ ಖಚಿತವಿಲ್ಲ. ಹೇಳಿರಲಿಲ್ಲ ಎಂದೇ ಹದಿನೈದು ವರ್ಷ ನಂಬಿಕೊಂಡು ಬಂದೆ. ಅವರು ತೀರಿಕೊಂಡ ಮೇಲೆ, ಅವರ ಮಗಳು ಫೋನ್ ಮಾಡಿದ ದಿನದಿಂದ, ಆ ನಂಬಿಕೆ ಕೈಕೊಟ್ಟಿದೆ.

"ನೀಲಿ ಡಬ್ಬಿಯಾಗಿಂದು ಯಾವ ಕ್ಯಾಸೆಟ್ ಬೇಕಾದ್ರೂ ತಗೋರಿ. ಹಲ್ಲು ಮುರದಿದ್ದು ಮಾತ್ರ ಮುಟ್ಟಬ್ಯಾಡ್ರಿ."

ಇದರಲ್ಲಿ ಮೊದಲ ವಾಕ್ಯ ಇವತ್ತಿಗೂ ಅವರ ದನಿಯಲ್ಲೇ ಕೇಳುತ್ತದೆ. ಎರಡನೆಯದು ಯಾರ ದನಿಯಲ್ಲೂ ಕೇಳುವುದಿಲ್ಲ. ಬರೆದಿಟ್ಟ ವಾಕ್ಯದ ಹಾಗೆ ಕಣ್ಣಿಗಷ್ಟೇ ಕಾಣುತ್ತದೆ. ಅದನ್ನು ಅವರು ಹೇಳಿದ್ದೋ, ಆಮೇಲೆ ಯಾವಾಗಲೋ ನಾನೇ ಸೇರಿಸಿಕೊಂಡಿದ್ದೋ?

ಕ್ಯಾಸೆಟ್ ಕಾಲದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ, ಒಂದೊಂದು ಬದಿಗೆ ಒಂದೊಂದು. ತುಂಡನ್ನು ಮುರಿದುಬಿಟ್ಟರೆ ಆ ಬದಿಯ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಯಂತ್ರದ ಕೆಂಪು ಗುಂಡಿ ಕೆಳಗೆ ಇಳಿಯುವುದೇ ಇಲ್ಲ. ಮುರಿದ ಕಿಂಡಿಗೆ ಏನನ್ನಾದರೂ ಅಂಟಿಸಿದರೆ ಗುಂಡಿ ಮತ್ತೆ ಇಳಿಯುತ್ತದೆ. ಆ ತುಂಡನ್ನು ಅವರು ಹಲ್ಲು ಎನ್ನುತ್ತಿದ್ದರು. ಉಳಿಸಿಕೊಳ್ಳಬೇಕಾದ ಕ್ಯಾಸೆಟ್ಟಿನ ಮೇಲೆ ಅವರು ಏನನ್ನೂ ಬರೆಯುತ್ತಿರಲಿಲ್ಲ, ಹಲ್ಲು ಮುರಿಯುತ್ತಿದ್ದರು, ಅಷ್ಟೇ.

ಸಿಂಧನೂರಿನಲ್ಲಿ ಅವರದು ಮೈಕ್‌ಸೆಟ್ ಅಂಗಡಿ. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ನಮ್ಮ ಕಡೆ ಮೈಕ್‌ಸೆಟ್ ಇಟ್ಟವರೆಲ್ಲ ಹಾರ್ನ್‌ಗಳ ಮೇಲೆ ತಮ್ಮ ಹೆಸರನ್ನೋ ಮನೆದೇವರ ಹೆಸರನ್ನೋ ಕೆಂಪು ಬಣ್ಣದಲ್ಲಿ ಬರೆಸುತ್ತಾರೆ. ಕಾಕಾನ ಹಾರ್ನ್‌ಗಳು ಬೋಳು. ತುರ್ವಿಹಾಳದ ಲಗ್ನದಲ್ಲೋ ಸಾಲಗುಂದದ ಪುರಾಣದಲ್ಲೋ ಬೇವಿನ ಮರಕ್ಕೆ ಬೋಳು ಹಾರ್ನ್ ಕಟ್ಟಿದ್ದರೆ ಅದು ಅವರದೇ. "ಹೆಸರು ಬರಸ್ರಿ ಕಾಕಾ" ಎಂದು ಒಮ್ಮೆ ಹೇಳಿದ್ದಕ್ಕೆ, "ಕೇಳವರು ಮಾತಾಡವನ್ನ ಕೇಳಬೇಕಲೇ, ನನ್ನ ಯಾಕ ಓದಬೇಕು?" ಅಂದಿದ್ದರು. ಆ ಮಾತಿಗೆ ಗೌರವ ಕೊಟ್ಟು ಇಲ್ಲಿಯೂ ಅವರ ಹೆಸರು ಬರೆಯುತ್ತಿಲ್ಲ.

ಎತ್ತರದ, ಒಣಕಲು ಮೈ. ಹೆಗಲ ಮೇಲೆ ಸದಾ ಒಂದು ಟವೆಲ್. ಅದು ಮೈ ಒರೆಸಿಕೊಳ್ಳಲು ಅಲ್ಲ, ಮೈಕ್ ಒರೆಸಲು. ಮೈಕಿಗೆ ಯಾರಾದರೂ ಊದಿದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ತುರ್ವಿಹಾಳದಲ್ಲಿ ಒಬ್ಬ ದೊಡ್ಡ ಮುಖಂಡರು ಭಾಷಣಕ್ಕೆ ನಿಂತವರೇ ಫೂ ಫೂ ಎಂದು ಎರಡು ಸಲ ಊದಿದರು. ಕಾಕಾ ವೇದಿಕೆ ಹತ್ತಿ, ಅವರ ಕೈಯಿಂದ ಮೈಕ್ ತೆಗೆದುಕೊಂಡು, ಟವೆಲಿನಿಂದ ಒರೆಸಿ, ವಾಪಸ್ ಕೊಡುತ್ತ, "ಸಾಹೇಬ್ರ, ಅದರ ಕಿವಿಯಾಗ ಊದಬ್ಯಾಡ್ರಿ. ನಿಮ್ಮ ಕಿವಿಯಾಗ ಯಾರರ ಊದಿದ್ರ ಹೆಂಗ ಆಗತೈತಿ?" ಅಂದರು. ಮೈಕ್ ಚಾಲೂ ಇತ್ತು. ಇಡೀ ಊರು ನಕ್ಕಿತು.

ಅವರು ಹಲೋ ಹಲೋ ಎನ್ನುತ್ತಿರಲಿಲ್ಲ, ಒನ್ ಟೂ ತ್ರೀ ಎನ್ನುತ್ತಿರಲಿಲ್ಲ. ಮೈಕ್ ಪರೀಕ್ಷೆಗೆ ಬಸ್ಸಿನ ದಾರಿ ಹೇಳುತ್ತಿದ್ದರು: "ಜವಳಗೇರಾ... ಸಿಂಧನೂರು... ಮಸ್ಕಿ... ಲಿಂಗಸುಗೂರು." ಕಂಡಕ್ಟರನ ಹಾಗೆ ಕೂಗಿ ಅಲ್ಲ, ಸಾವಕಾಶ, ಒಂದೊಂದನ್ನೂ ಬಾಯಲ್ಲಿ ಇಟ್ಟುಕೊಂಡು. ಜವಳಗೇರಾದಲ್ಲಿ ಮೈಕ್ ಎಚ್ಚರಾಗಬೇಕು, ಸಿಂಧನೂರಿನಲ್ಲಿ ದನಿ ಸೀಳಬಾರದು, ಮಸ್ಕಿ ತುಟಿ ಮುಚ್ಚಿ ತೆರೆದದ್ದು ಕೇಳಬೇಕು, ಲಿಂಗಸುಗೂರಿಗೆ ಬಂದಾಗ ಹಾರ್ನ್ ಗುಂಯ್ ಎನ್ನಬಾರದು. ನಾಲ್ಕೂ ಊರು ದಾಟಿದರೆ ಸೆಟ್ ಸರಿ ಇದೆ ಎಂದು ಅರ್ಥ.

ಹಾರ್ನ್ ಗುಂಯ್ ಎನ್ನದ ಹಾಗೆ ನೋಡಿಕೊಳ್ಳುವುದರಲ್ಲೇ ಬದುಕು ಕಳೆದ ಈ ಮನುಷ್ಯನ ಬಳಿಗೆ ನಾವು ಮೂವರು ಹೋದದ್ದು ಗುಂಯ್ ಎನ್ನಿಸುವುದು ಹೇಗೆಂದು ಕಲಿಯಲು.

ನಾನು ಆಗಷ್ಟೇ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಓದಿನ ಜೊತೆ ಹಾಸ್ಟೆಲಿನಲ್ಲಿ ಬೇಸ್ ಗಿಟಾರ್ ಕಲಿತಿದ್ದೆ, ಯಾವುದನ್ನೂ ನಂಬದಿರುವುದನ್ನೂ ಕಲಿತಿದ್ದೆ. ಹಾಡುತ್ತಿದ್ದವನು, ಗಿಟಾರ್ ಹಿಡಿದವನು ಇಮ್ತಿಯಾಜ್. ಡ್ರಮ್ಸ್ ಬಸ್ಯಾನದು. ನಮ್ಮದು ಸೈಕೆಡೆಲಿಕ್ ರಾಕ್ ಎಂದು ಹೇಳಿಕೊಳ್ಳುತ್ತಿದ್ದೆವು: ಒಂದೇ ಸ್ವರವನ್ನು ಎಳೆದು ಎಳೆದು, ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಪೇರಿಸಿ, ಕೇಳುವವರಿಗೆ ತಾವು ಕೂತ ನೆಲ ನಿಧಾನ ತಿರುಗುತ್ತಿದೆ ಅನ್ನಿಸುವಂತೆ ಮಾಡುವ ಸಂಗೀತ. ಬ್ಯಾಂಡಿನ ಹೆಸರು ‘ಎಡದಂಡೆ’. ಮೊದಲ ಆಲ್ಬಮ್ಮಿನ ಹೆಸರು ‘ಕೆಳಭಾಗ’. ಎಡದಂಡೆ ಕಾಲುವೆಯ ನೀರು ಕೆಳಭಾಗಕ್ಕೆ ತಲುಪುತ್ತಿಲ್ಲ ಎಂಬ ಜಗಳ ಕೇಳುತ್ತಲೇ ಬೆಳೆದವರು ನಾವು. ಬೇರೆ ಹೆಸರು ಹೊಳೆಯಲೂ ಇಲ್ಲ.

ಕಾಕಾನ ಬಳಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಇತ್ತು. ಮುಚ್ಚಿಹೋದ ಒಂದು ನಾಟಕ ಕಂಪನಿಯಿಂದ ಅವರಿಗೆ ಬಂದದ್ದು. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ್ದು ತೊಳೆದು ಒಣಹಾಕಿದ ಹಾಗಿರುತ್ತದೆ, ನಮಗೆ ಕ್ಯಾಸೆಟ್ಟೇ ಬೇಕು ಎಂದು ಇಮ್ತಿಯಾಜ್ ಹಟ ಹಿಡಿದಿದ್ದ. ಅವನ ಮಾವನ ಅಕ್ಕಿ ಗಿರಣಿ ಜವಳಗೇರಾ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಅಲ್ಲಿ ನಾಲ್ಕೂ ಗೋಡೆಗೆ ಭತ್ತದ ಹೊಟ್ಟಿನ ಚೀಲ ಒಟ್ಟಿ, ನಡುವೆ ಕೂತು, ಬೆಳಗಿನ ಕರೆಂಟ್ ಇರುವಷ್ಟು ಹೊತ್ತು ನುಡಿಸುತ್ತಿದ್ದೆವು. ಹೊಟ್ಟಿನ ಧೂಳಿಗೆ ಇಮ್ತಿಯಾಜ್ ಕೆಮ್ಮುತ್ತಿದ್ದ. ನನ್ನ ಬೆರಳ ತುದಿ ತಂತಿಗೆ ಹರಿದು, ದವಾಖಾನೆಯ ಬಿಳಿ ಅಂಟುಪಟ್ಟಿ ಸುತ್ತಿಕೊಂಡೇ ನುಡಿಸುತ್ತಿದ್ದೆ. ಪಟ್ಟಿಯ ಸುರುಳಿ ಸದಾ ನನ್ನ ಅಂಗಿಯ ಜೇಬಿನಲ್ಲಿ ಇರುತ್ತಿತ್ತು.

"ಯಾಕಲೇ, ಅದು ನಿನ್ನ ಕಡಿತೈತೇನು?" ಎಂದು ಕಾಕಾ ಗಿಟಾರ್ ತೋರಿಸಿ ಕೇಳಿದ್ದರು.

ನಮ್ಮ ಮೊದಲ ಹಾಡು ಕೇಳಿದಾಗ ಅವರು ಹೆಡ್‌ಫೋನ್ ತೆಗೆದು, ಹೊರಗೆ ಹೋಗಿ, ಗಿರಣಿಯ ಸುತ್ತ ಒಂದು ಸುತ್ತು ಹಾಕಿ ಬಂದರು. "ನಾ ಮೋಟರ್ ಸುಟ್ಟತಂತ ನೋಡಾಕ ಹೋಗಿದ್ದೆ" ಅಂದರು. ಆದರೆ ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಹಾರ್ನ್‌ಗೆ ಮೈಕ್ ಎಷ್ಟು ಹತ್ತಿರ ತಂದರೆ ಕೂಗು ಹುಟ್ಟುತ್ತದೆ, ಎಷ್ಟು ತಿರುಗಿಸಿದರೆ ಆ ಕೂಗು ಸ್ವರವಾಗುತ್ತದೆ ಎಂದು ತೋರಿಸಿದವರು ಅವರೇ. ಮೈಕನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಹಾರ್ನಿನ ಬಾಯಿಗೆ ಒಯ್ಯುತ್ತ, ಹಿಂದಕ್ಕೆ ತರುತ್ತ. "ನಲವತ್ತು ವರ್ಷ ಇದರ ಬಾಯಿ ಮುಚ್ಚಿಸಿದೆ. ಈಗ ನೋಡ, ಏನೇನು ಹೇಳೂದಿತ್ತು ಇದಕ್ಕ!"

ಮೂರನೆಯ ಹಾಡು ‘ಮೂರನೇ ತೂಬು’. ಅದರ ಸಮಯಕ್ಕೆ ಕಾಕಾ ಲಿಂಗಸುಗೂರಿನಲ್ಲಿ ಒಂದು ವಾರದ ಪುರಾಣಕ್ಕೆ ಮೈಕ್‌ಸೆಟ್ ಒಯ್ದರು. ಹೊರಡುವಾಗ ಯಂತ್ರವನ್ನೂ ನೀಲಿ ತಗಡಿನ ಡಬ್ಬಿಯನ್ನೂ ನಮ್ಮ ಬಳಿ ಬಿಟ್ಟರು. ಹೊಸ ಕ್ಯಾಸೆಟ್ ಆಗಲೇ ಸಿಂಧನೂರಿನಲ್ಲಿ ಸಿಗುತ್ತಿರಲಿಲ್ಲ. ಆ ಎರಡು ವಾಕ್ಯ, ಅಥವಾ ಒಂದು ವಾಕ್ಯ, ಹೇಳಿದ್ದು ಆಗ. ಟೆಂಪೋದಲ್ಲಿ ಕೂತು, ಬಾಗಿಲು ಎಳೆದುಕೊಳ್ಳುತ್ತ.

ಡಬ್ಬಿಯಲ್ಲಿದ್ದ ಕ್ಯಾಸೆಟ್‌ಗಳೆಲ್ಲ ಸವೆದಿದ್ದವು. ಒಂದೇ ಒಂದು ಒಳ್ಳೆಯದಿತ್ತು, ದುಬಾರಿ ಜಾತಿಯದು, ಪಟ್ಟಿ ಹೊಸದರ ಹಾಗೆ ಹೊಳೆಯುತ್ತಿತ್ತು. ಮೇಲೆ ಏನೂ ಬರೆದಿರಲಿಲ್ಲ. ಎರಡೂ ಹಲ್ಲು ಮುರಿದಿದ್ದವು.

ಇಲ್ಲಿಂದ ಮುಂದೆ ನನ್ನ ನೆನಪು ಮೂರು ದಾರಿ ಹಿಡಿಯುತ್ತದೆ. ಒಂದರಲ್ಲಿ ಬಸ್ಯಾ "ಇದ ಹಾಕೂಣಲೇ" ಎಂದು ಕಿಂಡಿಗೆ ಸೆಲ್ಲೋಟೇಪ್ ಅಂಟಿಸುತ್ತಾನೆ. ಇನ್ನೊಂದರಲ್ಲಿ ಕಿಂಡಿ ಮೊದಲೇ ಮುಚ್ಚಿರುತ್ತದೆ, ಯಾರದೂ ತಪ್ಪಿಲ್ಲ. ಮೂರನೆಯದರಲ್ಲಿ ಯಾರದೋ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ನನಗೆ ಎಲ್ಲಕ್ಕಿಂತ ಅನುಕೂಲವಾದದ್ದು ಎರಡನೆಯದು. ನನ್ನ ಓದು ನನಗೆ ಕಲಿಸಿದ್ದು ಇಷ್ಟು: ಅನುಕೂಲವಾದ ನೆನಪನ್ನು ಮೊದಲು ಅನುಮಾನಿಸಬೇಕು. ಆದರೂ ಹದಿನೈದು ವರ್ಷ ಅದನ್ನೊಂದನ್ನು ಅನುಮಾನಿಸಲಿಲ್ಲ.

ಯಂತ್ರದ ನಾಲ್ಕು ಟ್ರ್ಯಾಕುಗಳಲ್ಲಿ ಮೂರನ್ನು ಬಳಸಿ ಹಾಡು ತುಂಬಿದೆವು. ಪಟ್ಟಿ ಮುಗಿಯುವವರೆಗೂ ನುಡಿಸುವುದು, ಅದು ನಿಂತಲ್ಲಿ ಹಾಡು ನಿಲ್ಲುವುದು, ಹಾಗೆ ಠರಾವು ಮಾಡಿಕೊಂಡಿದ್ದೆವು. ಆಮೇಲೆ ಮರಳಿ ಹಾಕಿ ಕೇಳಿದಾಗ, ನಾವು ಮುಟ್ಟದೆ ಬಿಟ್ಟ ನಾಲ್ಕನೆಯ ಟ್ರ್ಯಾಕಿನಲ್ಲಿ ಏನೋ ಇತ್ತು. ಹೆಂಗಸಿನ ದನಿ ಎನ್ನಬಹುದು, ಹಕ್ಕಿಯ ದನಿ ಎಂದರೂ ನಡೆಯುತ್ತಿತ್ತು. ಸಣ್ಣ, ಚುರುಕು, ಯಾವ ಭಾಷೆಯದೂ ಅಲ್ಲದ ಮಾತು. ನಡುನಡುವೆ ಒಂದು ವಿಚಿತ್ರ ತಾಳ, ಹಿಂದಕ್ಕೆ ಹೀರಿಕೊಂಡಂತೆ.

"ಯಾ ಅಲ್ಲಾ, ಇದೇನಲೇ ಇದು?" ಇಮ್ತಿಯಾಜ್ ಎದ್ದು ನಿಂತಿದ್ದ.

"ನಮ್ಮ ಗಿರಣಿ ದೆವ್ವ. ಪುಕ್ಕಟೆ ಹಾಡಾಕತ್ತೈತಿ, ಇರಲಿ ಬಿಡ" ಅಂದ ಬಸ್ಯಾ.

ಅದು ಏನು ಎಂದು ನನಗೆ ಗೊತ್ತಿತ್ತು. ಕ್ಯಾಸೆಟ್ಟಿನ ಎರಡು ಬದಿ ಅಂದರೆ ಒಂದೇ ಪಟ್ಟಿಯ ಮೇಲಿನ ಹೋಗುವ ದಾರಿ ಮತ್ತು ಬರುವ ದಾರಿ. ನಾಲ್ಕು ಟ್ರ್ಯಾಕಿನ ಯಂತ್ರ ಎರಡನ್ನೂ ಒಂದೇ ದಿಕ್ಕಿನಲ್ಲಿ ಓದುತ್ತದೆ, ಅದೂ ಇಮ್ಮಡಿ ವೇಗದಲ್ಲಿ. ನಾವು ನುಡಿಸಿದ ಬದಿಯಲ್ಲಿದ್ದುದೆಲ್ಲ ಅಳಿಸಿಹೋಗಿತ್ತು. ಇನ್ನೊಂದು ಬದಿಯ ಎರಡು ಟ್ರ್ಯಾಕಿನಲ್ಲಿ ಒಂದು ಮಾತ್ರ ಉಳಿದು, ಹಿಂದುಮುಂದಾಗಿ ಕೇಳುತ್ತಿತ್ತು. ಇದನ್ನು ನಾನು ಅವರಿಬ್ಬರಿಗೆ ವಿವರಿಸಿದೆ, ಹೆಮ್ಮೆಯಿಂದ. ಅಳಿಸಿಹೋದದ್ದು ಏನಿದ್ದಿರಬಹುದು ಎಂದು ಆಗ ನಾವು ಯಾರೂ ಕೇಳಿಕೊಳ್ಳಲಿಲ್ಲ. ಇದು ಮಾತ್ರ ಸ್ಪಷ್ಟ ನೆನಪಿದೆ.

ಕಾಕಾ ವಾಪಸ್ ಬಂದ ದಿನ ಟೆಂಪೋ ಇಳಿದವರೇ ಗಿರಣಿಗೆ ಬಂದರು. ನಾವು ಸಡಗರದಿಂದ ಹೆಡ್‌ಫೋನ್ ಹಾಕಿ ಕೂಡಿಸಿದೆವು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರು. ಯಂತ್ರದ ಗಾಜಿನೊಳಗೆ ತಿರುಗುತ್ತಿದ್ದ ಕ್ಯಾಸೆಟ್ಟನ್ನು ನೋಡಿದರು. ಟವೆಲ್ ತೆಗೆದು ಗಾಜು ಒರೆಸಿದರು. ಗಾಜಿನ ಮೇಲೆ ಹೊಟ್ಟಿನ ಧೂಳು ಇತ್ತು, ಹೌದು, ಅದಕ್ಕೇ ಒರೆಸಿರಬಹುದು.

"ಯಾವ ಡಬ್ಬಿಯಾಗಿಂದ ತಗೊಂಡ್ರಿ ಇದನ್ನ?"

"ನೀವ ಹೇಳಿದ್ರೆಲ್ಲ ಕಾಕಾ, ನೀಲಿ ಡಬ್ಬಿ" ಅಂದೆ ನಾನು.

ಅವರು ನನ್ನನ್ನು ನೋಡಿದರು. ಮುಖ ನೋಡಿದರು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಕೈ ನೋಡಿದ್ದರೋ ಏನೋ.

ಆಮೇಲೆ ಎರಡು ದಿನ ಅವರು ಆ ಹಾಡಿನ ಮಿಕ್ಸಿಂಗ್ ಮಾಡಿದರು. ಬುತ್ತಿ ಬಿಚ್ಚಲಿಲ್ಲ, ಒಂದು ಚೇಷ್ಟೆ ಇಲ್ಲ, ಬೈಗುಳ ಇಲ್ಲ. ಇಮ್ತಿಯಾಜ್ ಹೊರಗೆ ಬಂದು, "ಕಾಕಾಗ ನಮ್ಮ ಹಾಡು ಹತ್ಯಾವಲೇ, ಮುಳುಗ್ಯಾನ" ಎಂದು ಖುಷಿಪಟ್ಟ. ನಾವು ಗಿಟಾರ್ ಮೇಲಕ್ಕೆ ತರಬೇಕೆಂದರೆ ಅವರು ನಾಲ್ಕನೆಯ ಟ್ರ್ಯಾಕಿನ ಗುಂಡಿಯ ಮೇಲೆ ಬೆರಳಿಟ್ಟು, "ಇದನ್ನ ಇಳಸಬ್ಯಾಡ್ರಿ. ಉಳದಿದ್ದೆಲ್ಲ ಇಳಸ್ರಿ" ಅಂದರು. ಅವರು ಹೇಳಿದ ಹಾಗೇ ಆಯಿತು. ಆಲ್ಬಮ್ಮಿನ ಹೊದಿಕೆಯ ಮೇಲೆ ಆ ದನಿಯ ಬಗ್ಗೆ ಏನು ಬರೆಯೋಣ ಎಂದು ಕೇಳಿದೆ. "ಏನೂ ಬರೀಬ್ಯಾಡ್ರಿ" ಅಂದರು.

‘ಕೆಳಭಾಗ’ ನಾವು ಎಣಿಸಿದ್ದಕ್ಕಿಂತ ಹೆಚ್ಚು ಜನರನ್ನು ತಲುಪಿತು. ಎಲ್ಲರೂ ಮಾತಾಡಿದ್ದು ಮೂರನೆಯ ಹಾಡಿನ ಆ ದನಿಯ ಬಗ್ಗೆ. ಒಬ್ಬರು ಅದು ಪ್ರಾಚೀನ ಮಂತ್ರ ಎಂದರು. ಇನ್ನೊಬ್ಬರು ಆ ತಾಳ ಯಾವುದೋ ಬುಡಕಟ್ಟಿನ ಚರ್ಮವಾದ್ಯದ್ದು ಎಂದು ಬರೆದರು. ಕೇಳಿದವರಿಗೆಲ್ಲ ನಾನು ‘ಯಾರದೋ ದನಿ, ಆಕಸ್ಮಿಕ’ ಎನ್ನುತ್ತಿದ್ದೆ. ಕೆಲವು ವರ್ಷದ ಮೇಲೆ ‘ಯಾರೋ ಸಾಧ್ವಿಯದಿರಬೇಕು’ ಎಂದೂ ಸೇರಿಸತೊಡಗಿದೆ. ಎರಡನೆಯ ಆಲ್ಬಮ್ ಆಗಲಿಲ್ಲ. ಬಸ್ಯಾ ಗೊಬ್ಬರದ ಅಂಗಡಿ ಹಾಕಿದ. ಇಮ್ತಿಯಾಜ್ ಲಿಂಗಸುಗೂರಿನಲ್ಲಿ ಲಗ್ನದ ವಿಡಿಯೊ ಸ್ಟುಡಿಯೊ ತೆರೆದ. ಕಾಕಾ ಅಂಗಡಿ ಮುಚ್ಚಿದಾಗ ಆ ನಾಲ್ಕು ಟ್ರ್ಯಾಕಿನ ಯಂತ್ರವನ್ನು ಅವನಿಗೇ ಕೊಟ್ಟರು. ನಾನು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಪಾಠ ಹೇಳುತ್ತ ತಿರುಗಿದೆ. ಕಾಕಾನನ್ನು ಕೊನೆಯ ಸಲ ನೋಡಿ ಆರು ವರ್ಷವಾಗಿತ್ತು.

ಮಗಳ ಹೆಸರು ಅಂಬಮ್ಮ. ಮಸ್ಕಿಗೆ ಕೊಟ್ಟಿದ್ದಾರೆ, ಅಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಕೊನೆಯ ಎರಡು ವರ್ಷ ಕಾಕಾ ಅವಳ ಮನೆಯಲ್ಲಿದ್ದರು. ಮಣ್ಣು ಮಾಡಿದ ಎರಡು ವಾರದ ಮೇಲೆ ಅವಳ ಫೋನ್ ಬಂತು.

"ಅಣ್ಣಾರ, ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹಾಡಿನಾಗ ನಮ್ಮವ್ವ ಅದಾಳಂತ. ಖರೇನ್ರಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಅಪ್ಪ ದಿನಾ ಫೋನಿನಾಗ ಅದ ಒಂದು ಹಾಡು ಹಚ್ಚಿಸಿಕೊಂಡು ಕುಂಡರತಿದ್ದ. ಕಡೀಕ ಕೇಳಿದೆ. ಇದರಾಗ ನಿಮ್ಮವ್ವ ಅದಾಳ ಅಂದ. ನನಗ ಕೇಳಾಕ ಹೋದ್ರ ಬರೇ ಚೀಂವ್ ಚೀಂವ್ ಅಂತೈತ್ರಿ. ಸಂದೂಕದಾಗ ಕ್ಯಾಸೆಟ್ ಐತಿ. ಹಚ್ಚಾಕ ಮಷಿನ್ ಇಲ್ಲ."

ಅವಳ ತಾಯಿ ಹೋದಾಗ ಅವಳಿಗೆ ಒಂದೂವರೆ ವರ್ಷ. ತಾಯಿಯದು ಒಂದು ಫೋಟೊ ಇದೆ, ಲಗ್ನದ್ದು, ತಲೆ ತಗ್ಗಿಸಿದ್ದು. ದನಿ ಹೇಗಿತ್ತು ಎಂದು ಹೇಳಬಲ್ಲವರು ಕಾಕಾ ಒಬ್ಬರೇ ಉಳಿದಿದ್ದರು.

ನಾನು ಮಸ್ಕಿಗೆ ಹೋದೆ. ಅವಳು ಅಂಗಡಿಗೆ ಬೀಗ ಹಾಕಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಕರವಸ್ತ್ರದ ಒಂದು ಗಂಟು. "ಕೊಡು, ಬ್ಯಾಗಿನಾಗ ಇಡತೀನಿ" ಅಂದೆ. "ಇರ್ಲಿ ಬಿಡ್ರಿ" ಎಂದು ಗಂಟನ್ನು ಇನ್ನೊಂದು ಕೈಗೆ ಸರಿಸಿದಳು. ಲಿಂಗಸುಗೂರಿನ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಬಿಸಿಲು ಬೀಳುತ್ತದೆಂದು ಗಂಟಿನ ಮೇಲೆ ಸೆರಗು ಮುಚ್ಚಿಕೊಂಡಳು.

"ಒಂದು ಬದಿಗೆ ಬರೇ ಮಾತು ಐತಂತ್ರಿ, ಇನ್ನೊಂದು ಬದಿಗೆ ಹಾಡ್ಯಾಳಂತ. ಬೀಸೂ ಪದ. ತವರುಮನಿ ತುರ್ವಿಹಾಳದಾಗ ಆಕಿ ಹಾಡಾಕತ್ತಿದ್ರ ಓಣಿ ಹೆಂಗಸ್ರು ಕಲ್ಲು ನಿಲ್ಲಿಸಿ ಕೇಳತಿದ್ರಂತ." ಗಂಟಿನ ಮೇಲಿನ ಸೆರಗು ಸರಿಪಡಿಸಿ, "ನೀವು ಕೇಳೀರೇನ್ರಿ ಹಾಡಿನ ಬದಿ?" ಅಂದಳು.

"ಇಲ್ಲ" ಅಂದೆ. ಅದು ನಿಜವಾಗಿತ್ತು. ನಿಜವೇ ಅಷ್ಟು ದೊಡ್ಡ ಸುಳ್ಳಾಗಬಹುದು ಎಂದು ಗೊತ್ತಿರಲಿಲ್ಲ.

ಉಳಿದ ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ನಾವು ನುಡಿಸಿದ್ದು ಮಾತಿನ ಬದಿಯ ಮೇಲಿದ್ದರೆ ಹಾಡು ಒಂದು ಟ್ರ್ಯಾಕಿನಲ್ಲಾದರೂ ಉಳಿದಿರುತ್ತದೆ. ಹಾಡಿನ ಬದಿಯ ಮೇಲಿದ್ದರೆ ಏನೂ ಉಳಿದಿಲ್ಲ. ಆ ಹಕ್ಕಿಯ ದನಿಯನ್ನು ಸಾವಿರ ಸಲ ಕೇಳಿದ್ದೇನೆ. ಅದು ಹಾಡಿನಂತಿತ್ತೋ, ಮಾತಿನಂತಿತ್ತೋ? ಹಾಡು, ಹಾಡು ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿನಲ್ಲಿ ಕೂತವನು ನೆನಪನ್ನು ಅನುಮಾನಿಸುವ ಓದಿದ ಮನುಷ್ಯನಲ್ಲ, ನೆನಪು ತನ್ನ ಪರ ಸಾಕ್ಷಿ ಹೇಳಲಿ ಎಂದು ಕಾಯುತ್ತಿದ್ದ ಆರೋಪಿ.

ಇಮ್ತಿಯಾಜ್ ಯಂತ್ರವನ್ನು ಒರೆಸಿ, ಹೊಸ ಬೆಲ್ಟ್ ಹಾಕಿ ಇಟ್ಟಿದ್ದ. "ಬಾ ತಂಗಿ, ಕುಂದ್ರು" ಎಂದು ಕುರ್ಚಿ ಎಳೆದ. ನಾನು ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಹಲ್ಲು ಮುರದಿದ್ದು ಮುಟ್ಟಬ್ಯಾಡ್ರಿ ಅಂತ ಕಾಕಾ ಹೇಳಿದ್ರೇನಲೇ ಅವತ್ತು?"

"ಹೇಳಿದ್ದ."

"ಖಾತ್ರಿ?"

"ಟೆಂಪೋ ಸಪ್ಪಳದಾಗ ನನಗ ಕೇಳಿಸಿದ್ದು ಹಂಗ. ನೀ ನನಕಿಂತ ಹತ್ರ ನಿಂತಿದ್ದಿ."

ಅಂಬಮ್ಮ ಗಂಟು ಬಿಚ್ಚಿದಳು.

ಕ್ಯಾಸೆಟ್ಟಿನ ಒಂದು ಕಿಂಡಿ ಖಾಲಿ ಇತ್ತು. ಇನ್ನೊಂದರ ಮೇಲೆ ಬಟ್ಟೆಯ ಒಂದು ಪಟ್ಟಿ, ಒಂದಾನೊಂದು ಕಾಲಕ್ಕೆ ಬಿಳಿಯದು, ಈಗ ಹಳದಿ. ಅಂಚು ಹಲ್ಲಿನಿಂದ ಕಚ್ಚಿ ಹರಿದ ಹಾಗೆ. ದವಾಖಾನೆಯ ಅಂಟುಪಟ್ಟಿ. ನಾನು ಅದನ್ನು ಹಲ್ಲಿನಿಂದಲೇ ಹರಿಯುತ್ತಿದ್ದೆ, ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡು, ಕತ್ತರಿ ಹುಡುಕುವ ಸಹನೆ ಇಲ್ಲದೆ.

ಇಮ್ತಿಯಾಜ್ ಅದನ್ನು ನೋಡಿದ. ಆಮೇಲೆ ನನ್ನ ಬೆರಳುಗಳನ್ನು ನೋಡಿದ. ಕ್ಯಾಸೆಟ್ ಹಾಕಿದ.

ಮೊದಲು ಬಂದದ್ದು ನನ್ನ ಬೇಸ್. ಧಂ, ಧಂ, ಧಂ. ಮೇಲೆ ಬಸ್ಯಾನ ಡ್ರಮ್. ಅಂಬಮ್ಮ ಒಂದು ನಿಮಿಷ ತಾಳ್ಮೆಯಿಂದ ಕೇಳಿ, "ಇದು ನಿಮ್ದಲ್ರೀ?" ಅಂದಳು. ಇಮ್ತಿಯಾಜ್ ನಿಲ್ಲಿಸಿ, ತಿರುಗಿಸಿ ಹಾಕಿ, ಮೂರು ಟ್ರ್ಯಾಕ್ ಮುಚ್ಚಿದ. ವೇಗವನ್ನು ಅರ್ಧಕ್ಕೆ ಇಳಿಸಿದ.

ಪಟ್ಟಿಯ ಸುರ್ ಎಂಬ ಸದ್ದು. ಆಮೇಲೆ, ಕೋಣೆಯಲ್ಲೇ ಯಾರೋ ಕೂತ ಹಾಗೆ, ಒಬ್ಬ ಹೆಂಗಸು:

"ಜವಳಗೇರಾ... ಸಿಂಧನೂರು... ಮಸ್ಕಿ... ಮುಂದ ಏನ್ರೀ?"

ದೂರದಿಂದ ಗಂಡು ದನಿ, ಎಳೆಯದು, ಆದರೂ ಕಾಕಾನದೇ: "ಲಿಂಗಸುಗೂರು."

"ಹಾಂ, ಲಿಂಗಸುಗೂರು! ಅಲ್ಲಿಗಿ ಹೋದ್ರ ನಿಮಗ ಮನಿ ನೆನಪ ಇರೂದಿಲ್ಲ." ನಗು. "ಇದರಾಗ ಊದಲೇನ್ರಿ? ಊದತೀನಿ ನೋಡ್ರಿ." ಫೂ! "ಬೈರಿ ಈಗ, ಬೈರಿ ನೋಡೂಣು. ಊರ ಮಂದಿಗೆಲ್ಲ ಬೈತೀರಂತ."

ನಮ್ಮ ಪ್ರಾಚೀನ ಮಂತ್ರ ಅದು. ಆಮೇಲೆ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಬಹಳ ಹೊತ್ತು, ಬುಡಕಟ್ಟಿನ ಚರ್ಮವಾದ್ಯ. ನಡುವೆ ಒಂದೆರಡು ಮಾತು, ಒಲೆಯ ಬಗ್ಗೆ, ಹಿಟ್ಟಿನ ಬಗ್ಗೆ. ಒಂದು ಕೂಸು ಅತ್ತಿತು.

"ಅಂಬವ್ವಾ, ಬಂದೆ ಬಂದೆ. ನೋಡು, ಅಪ್ಪ ನಿನ್ನ ಅಳೂದನ್ನ ಹಿಡದಿಡಾಕತ್ತಾನ, ದೊಡ್ಡಾಕಿ ಆದ ಮ್ಯಾಲ ಕೇಳಸತಾನಂತ."

ಅಂಬಮ್ಮ ಯಂತ್ರದ ಮೇಲೆ ಅಂಗೈ ಇಟ್ಟಳು. ಅಳಲಿಲ್ಲ. ಕದಲಿದರೆ ದನಿ ನಿಂತುಹೋಗುತ್ತದೆ ಎನ್ನುವ ಹಾಗೆ ಕೂತಿದ್ದಳು. ಅರ್ಧ ತಾಸು ನಾವು ಮೂವರೂ ಅಲುಗಾಡಲಿಲ್ಲ. ಕೊನೆಗೆ ಕೂಸು ಮಲಗಿರಬೇಕು. ಹೆಂಗಸಿನ ದನಿ ತಗ್ಗಿತು, ಮೈಕಿನ ತೀರ ಹತ್ತಿರ ಬಂತು.

"ಮಲಗಿತು. ಈಗ ಹಾಡತೀನಿ. ತಡ್ರಿ, ಇದು ಮುಗಿಯಾಕ ಬಂತಲ್ರೀ. ತಿರುಗಿಸಿ ಹಾಕ್ರಿ, ಆ ಬದಿಗೆ ಹಾಡತೀನಿ."

ಟಕ್ ಎಂದು ಯಂತ್ರ ನಿಂತಿತು.

ಅಂಬಮ್ಮನ ಮುಖ ಅರಳಿತ್ತು. "ತಿರುಗಿಸಿ ಹಾಕ್ರಿ ಅಣ್ಣಾರ" ಅಂದಳು ಇಮ್ತಿಯಾಜನಿಗೆ. ಅವನು ಕೈ ಎತ್ತಲಿಲ್ಲ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಮೊದಲು ಕೇಳಿದ ಆ ಧಂ ಧಂ ಅವಳಿಗೆ ನೆನಪಾದದ್ದು ಮುಖದಲ್ಲಿ ಕಂಡಿತು.

"ಆ ಬದಿಗೆ ನಿಮ್ದು ಐತಲ್ರೀ" ಅಂದಳು. "ಆಕಿ ಹಾಡು ಎಲ್ಲಿ ಹೋತು?"

ಕಾಕಾ ಆ ಎರಡನೆಯ ವಾಕ್ಯ ಹೇಳಿದ್ದರೋ ಇಲ್ಲವೋ, ಆ ಹೊತ್ತಿಗೆ ಅದರ ತೂಕ ಇಳಿದುಹೋಗಿತ್ತು. ಮುರಿದ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿಯೇ ನಾನು ಪಟ್ಟಿ ಅಂಟಿಸಿದ್ದೆ. ಹೇಳಬೇಕಾದ್ದನ್ನು ಆ ಕಿಂಡಿಯೇ ಹೇಳಿತ್ತು. ಬಸ್ಯಾನೂ ಅಲ್ಲ, ಮೊದಲೇ ಮುಚ್ಚಿದ್ದೂ ಅಲ್ಲ.

"ನಾ ಅಳಿಸಿದೆ" ಅಂದೆ. "ಅದರ ಮ್ಯಾಲ ನಮ್ದು ರೆಕಾರ್ಡ್ ಮಾಡಿದೆ. ಅಳಿಸಬಾರದ್ದು ಅಂತ ಗೊತ್ತಿತ್ತು."

"ಅಪ್ಪಗ ಗೊತ್ತಿತ್ತೇನ್ರಿ, ನೀವ ಅಂತ?"

"ಗೊತ್ತಿತ್ತು ಅನ್ನಸ್ತೈತಿ."

ಇಮ್ತಿಯಾಜ್ ನೆಲ ನೋಡುತ್ತಿದ್ದ. ಕೊನೆಗೆ ಅವಳೇ ಯಂತ್ರದ ಬಾಗಿಲು ತೆರೆದು ಕ್ಯಾಸೆಟ್ ಹೊರತೆಗೆದಳು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಹೊಲಿಗೆ ಬಿಚ್ಚುವವರ ಹಾಗೆ, ಕಿಂಡಿಯ ಮೇಲಿನ ಪಟ್ಟಿಯ ಅಂಚನ್ನು ಒಂದೊಂದೇ ಎಳೆ ಎಬ್ಬಿಸಿದಳು. ಹದಿನೈದು ವರ್ಷದ ಅಂಟು. ಹರಿಯದ ಹಾಗೆ, ಇಡಿಯಾಗಿ ಬಿಡಿಸಿದಳು. ಕಿಂಡಿ ಮತ್ತೆ ಖಾಲಿಯಾಯಿತು. ಉಗುರಿನಿಂದ ಒಳಗೆ ಮುಟ್ಟಿ ನೋಡಿ, ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದಳು.

ಆಮೇಲೆ ನನ್ನ ಕೈ ಹಿಡಿದು, ಅಂಗೈ ಮೇಲೆ ಆ ಪಟ್ಟಿ ಇಟ್ಟಳು.

"ಇದು ನಿಮ್ದು, ತಗೋರಿ" ಅಂದಳು. "ನಡೀರಿ, ಬಸ್ಸಿನ ಹೊತ್ತಾತು."